ಮಾದರಿ ರೈಲಿನ ಬೆಟ್ಟಕ್ಕೆ ವಿದೇಶಿ ಬಂಡೆ ಬೇಕಿಲ್ಲ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮಾದರಿ ರೈಲು ಕಟ್ಟುವ ಹವ್ಯಾಸದ ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಎಂಜಿನ್, ಹಳಿ, ವಿದ್ಯುತ್ ನಿಯಂತ್ರಣಗಳ ವಿವರಗಳನ್ನು ಲೇಖಕರು ಚೆನ್ನಾಗಿಯೇ ಕೊಟ್ಟಿದ್ದಾರೆ. ಆದರೆ ಬೆಟ್ಟ, ಬಂಡೆ, ಸುರಂಗಗಳ ಮಾತು ಬಂದಾಗ, ಅವುಗಳಿಗೆ ಬೇಕಾದ ಅಚ್ಚು, ಬಣ್ಣ, ಪುಡಿಗಳೆಲ್ಲ ಹೊರದೇಶದಿಂದಲೇ ಬರಬೇಕು, ಹಾಗಾಗಿ ಇದು ಉಳ್ಳವರಿಗೆ ಮಾತ್ರ ಸಲ್ಲುವ ಹವ್ಯಾಸ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಎಂಜಿನ್ ಮತ್ತು ಹಳಿಗಳ ಮಟ್ಟಿಗೆ ಅದು ಬಹುಪಾಲು ನಿಜವಿರಬಹುದು. ಬೆಟ್ಟದ ಮಟ್ಟಿಗೆ ಮಾತ್ರ ಖಂಡಿತ ಅಲ್ಲ. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದ ಮೇಲೆ, ಮನೆಯ ಮಹಡಿಯ ಕೋಣೆಯಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲು ಮಾರ್ಗದ ಒಂದು ತುಣುಕನ್ನು ಕಟ್ಟುತ್ತಿರುವವನಾಗಿ ನಾನು ಈ ಪತ್ರ ಬರೆಯುತ್ತಿದ್ದೇನೆ. ನನ್ನ ಬೆಟ್ಟದಲ್ಲಿರುವ ಸಾಮಗ್ರಿಯಲ್ಲಿ ಹೆಚ್ಚಿನದು ರದ್ದಿ, ಮಿಕ್ಕದ್ದು ಊರಿನ ಹಾರ್ಡ್‌ವೇರ್ ಅಂಗಡಿಯದು.

ಮೊದಲಿಗೆ ಒಂದು ತಿದ್ದುಪಡಿ. ಕೈಗೆ ಸಿಕ್ಕ ವಸ್ತುವಿನಲ್ಲಿ ಬೆಟ್ಟ ಮಾಡುವುದು ಬಡವರ ಉಪಾಯವೆಂಬಂತೆ ಲೇಖನದ ಧಾಟಿಯಿದೆ. ವಾಸ್ತವದಲ್ಲಿ ಈ ಹವ್ಯಾಸ ಬೆಳೆದ ಅಮೆರಿಕದಲ್ಲೇ ಅದು ಮೊದಲಿನ ಪದ್ಧತಿ. ಅಲ್ಲಿನ ಮಾದರಿ ರೈಲು ಮಾಸಪತ್ರಿಕೆಯೊಂದರ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಅವರು ಪ್ರಚಾರಕ್ಕೆ ತಂದ ಕ್ರಮವೇ ಇದಕ್ಕೆ ಸಾಕ್ಷಿ: ಹಳೆಯ ಸುದ್ದಿಪತ್ರಿಕೆಗಳನ್ನು ಮುದ್ದೆ ಮಾಡಿ ಬೆಟ್ಟದ ಆಕಾರಕ್ಕೆ ಒಟ್ಟಿ, ಅಡುಗೆಮನೆಯ ಒರಸುವ ಕಾಗದವನ್ನು ತೆಳು ಪ್ಲಾಸ್ಟರಿನಲ್ಲಿ ಅದ್ದಿ ಅದರ ಮೇಲೆ ಹೊದಿಸಿ, ಗಟ್ಟಿಯಾದ ಮೇಲೆ ಒಳಗಿನ ಪತ್ರಿಕೆಯನ್ನು ಎಳೆದು ತೆಗೆಯುವುದು. ಉಳಿಯುವುದು ತೆಳ್ಳಗಿನ, ಹಗುರವಾದ, ಒಳಗೆ ಟೊಳ್ಳಾದ ಚಿಪ್ಪು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಅಲೆನ್ ಎಂಬವರು ನೆಲದಿಂದ ಚಾವಣಿಯವರೆಗೆ ಎಬ್ಬಿಸಿದ್ದ ಬೆಟ್ಟಗಳ ಬಂಡೆಗಳೂ ಪ್ಲಾಸ್ಟರಿನವೇ. 1973ರಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಆ ಇಡೀ ಕೆಲಸ ಬೆಂಕಿಗೆ ಆಹುತಿಯಾಯಿತಾದರೂ, ಅದರ ಚಿತ್ರಗಳನ್ನು ಇಂದಿಗೂ ಈ ಹವ್ಯಾಸಿಗಳು ಹುಡುಕಿ ನೋಡುತ್ತಾರೆ. ಡಬ್ಬದಲ್ಲಿ ಬರುವ ದುಬಾರಿ ಸಾಮಗ್ರಿ ಇವೆಲ್ಲದರ ನಂತರದ ವ್ಯಾಪಾರ.

ಈ ಚಿಪ್ಪನ್ನು ನಮ್ಮಲ್ಲಿ ಮಾಡಲು ಅಡುಗೆಮನೆಯ ಒರಸುವ ಕಾಗದವೂ ಬೇಡ. ಟಿವಿ, ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಚಾಪೆ ಹೆಣೆದ ಹಾಗೆ ಅಡ್ಡಡ್ಡ ಹೆಣೆದು, ಸ್ಟೇಪಲ್ ಹೊಡೆದು, ಬೆಟ್ಟದ ನೆತ್ತಿಯಿಂದ ತಳದ ಹಲಗೆಯವರೆಗೆ ಇಳಿಬಿಟ್ಟರೆ ಅಸ್ಥಿಪಂಜರ ಸಿದ್ಧ. ಅದರ ಮೇಲೆ ಮೈದಾ ಅಂಟಿನಲ್ಲಿ ನೆನೆಸಿದ ಪತ್ರಿಕೆಯ ಚೂರುಗಳನ್ನು ಮೂರು ನಾಲ್ಕು ಪದರ ಅಂಟಿಸಬೇಕು. ಒಂದು ಪದರ ಪೂರ್ತಿ ಒಣಗದೆ ಮತ್ತೊಂದನ್ನು ಹಾಕಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಮೈದಾ ಅಂಟಿಗೆ ಹುಳ ಬರುತ್ತದೆ ಎಂಬ ಆಕ್ಷೇಪವನ್ನು ನಾನು ಬಲ್ಲೆ. ಪುಸ್ತಕದ ರಟ್ಟು ಕಟ್ಟುವವರು ಇದಕ್ಕೆಂದೇ ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷವಾದ್ದರಿಂದ ಮಕ್ಕಳಿರುವ ಮನೆಯಲ್ಲಿ ಅದನ್ನು ಬಿಟ್ಟು, ನಮ್ಮ ಹಳ್ಳಿಯ ಹೆಂಗಸರು ಮೊರಕ್ಕೂ ಬುಟ್ಟಿಗೂ ಬಳಿಯುತ್ತಿದ್ದ ಲೇಪವನ್ನು ನೆನಪಿಸಿಕೊಳ್ಳುವುದು ಒಳ್ಳೆಯದು: ಹಳೆಯ ಕಾಗದವನ್ನು ನೆನೆಹಾಕಿ, ನೆನೆದ ಮೆಂತ್ಯದೊಂದಿಗೆ ಒರಳಲ್ಲಿ ರುಬ್ಬಿದ ತಿರುಳು. ಒಣಗಿದರೆ ಮರದಷ್ಟು ಗಟ್ಟಿ, ಹುಳದ ಕಾಟವೂ ಕಡಿಮೆ. ಬೆಟ್ಟದ ಇಳಿಜಾರಿನಲ್ಲಿ ಮಣ್ಣಿನ ಮೈ ಬೇಕಾದ ಕಡೆಯೆಲ್ಲ ನಾನು ಇದನ್ನೇ ಬಳಿದಿದ್ದೇನೆ. ಬಣ್ಣ ಹಚ್ಚುವ ಮೊದಲೇ ಅದು ಮಣ್ಣಿನಂತೆ ತರಿತರಿಯಾಗಿರುತ್ತದೆ.

ಇನ್ನು ಬಂಡೆ. ಇಲ್ಲಿ ಭೂವಿಜ್ಞಾನದ ಒಂದು ಸಾಮಾನ್ಯ ರೂಢಿಯನ್ನು ಹೇಳಬೇಕಾಗುತ್ತದೆ. ಬಂಡೆಯ ಚಿತ್ರ ತೆಗೆಯುವಾಗ ನಾವು ಅದರ ಪಕ್ಕದಲ್ಲಿ ಸುತ್ತಿಗೆಯನ್ನೋ ನಾಣ್ಯವನ್ನೋ ಇಟ್ಟೇ ತೆಗೆಯುತ್ತೇವೆ. ಅದನ್ನು ಇಡದಿದ್ದರೆ, ಚಿತ್ರದಲ್ಲಿರುವುದು ಅಂಗೈಯಗಲದ ಕಲ್ಲೋ ನೂರು ಅಡಿ ಎತ್ತರದ ಗೋಡೆಯೋ ಎಂದು ಪಳಗಿದವರಿಗೂ ಹೇಳಲಾಗದು. ಸೀಳು, ಅಂಚು, ಒಡೆದ ಮುಖಗಳು ಸಣ್ಣದರಲ್ಲೂ ದೊಡ್ಡದರಲ್ಲೂ ಒಂದೇ ಬಗೆಯಲ್ಲಿ ಇರುವುದು ಇದಕ್ಕೆ ಕಾರಣ. ವಿದ್ಯಾರ್ಥಿಗಳಿಗೆ ತೊಡಕಾಗುವ ಈ ಸಂಗತಿ ಮಾದರಿ ಕಟ್ಟುವವನಿಗೆ ವರವಾಗಿದೆ. ಮನೆ ಕಟ್ಟುವಲ್ಲಿ ರಾಶಿ ಹಾಕಿರುವ 40 ಮಿಲಿಮೀಟರ್ ಜಲ್ಲಿಯಲ್ಲಿ ಚೂಪಾಗಿ ಒಡೆದ ಮುಖವಿರುವ ಕಲ್ಲುಗಳನ್ನು ಆರಿಸಿ ತಂದರೆ, ಅವೇ ನಮ್ಮ ಬಂಡೆಗೋಡೆಗಳ ಮೂಲ ಪ್ರತಿಗಳು. ಕುಂಬಾರರ ಜೇಡಿಮಣ್ಣನ್ನು ಚೆನ್ನಾಗಿ ನಾದಿ, ಅಂಗೈ ದಪ್ಪಕ್ಕೆ ತಟ್ಟಿ, ಕಲ್ಲಿಗೆ ತೆಳುವಾಗಿ ಎಣ್ಣೆ ಸವರಿ ಅದರಲ್ಲಿ ಒತ್ತಿ ತೆಗೆದರೆ ಅಚ್ಚು ಮೂಡುತ್ತದೆ. ನಾಲ್ಕಾರು ಕಲ್ಲುಗಳನ್ನು ಒಂದರ ಪಕ್ಕ ಒಂದು, ಸೀಳುಗಳ ದಿಕ್ಕು ಒಂದೇ ಬರುವಂತೆ ಒತ್ತಬೇಕು. ದಿಕ್ಕು ತಪ್ಪಿದರೆ ನೋಡುವವರಿಗೆ ಏನೋ ಸರಿಯಿಲ್ಲ ಎನಿಸುತ್ತದೆ, ಏನೆಂದು ಮಾತ್ರ ಹೇಳಲು ಬರುವುದಿಲ್ಲ. ಹೋಟೆಲಿನಿಂದ ಚಪಾತಿ ಸುತ್ತಿ ಬರುವ ಅಲ್ಯೂಮಿನಿಯಂ ಹಾಳೆಯನ್ನು ಮುದುಡಿ, ಅರ್ಧ ಬಿಡಿಸಿ, ಅದರೊಳಗೆ ಪ್ಲಾಸ್ಟರ್ ಸುರಿದರೂ ಒರಟು ಬಂಡೆ ಬರುತ್ತದೆ. ಒಣಗಿದ ಮರದ ತೊಗಟೆಯನ್ನು ನೇರವಾಗಿ ಅಂಟಿಸುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಾಗಿಲ್ಲ. ತೊಗಟೆ ಎಷ್ಟು ಬಣ್ಣ ಹಚ್ಚಿದರೂ ತೊಗಟೆಯೇ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂದರೆ ಜಿಪ್ಸಮ್ ಖನಿಜವನ್ನು ಕಾಯಿಸಿ ಅದರೊಳಗಿನ ನೀರಿನ ಮುಕ್ಕಾಲು ಭಾಗವನ್ನು ಕಳೆದ ಪುಡಿ. ನೀರು ಸೇರಿದೊಡನೆ ಅದು ಬಿಸಿಯಾಗುತ್ತ ಮತ್ತೆ ಜಿಪ್ಸಮ್ ಆಗುತ್ತದೆ. ಯಾವಾಗಲೂ ನೀರಿಗೆ ಪುಡಿಯನ್ನು ಉದುರಿಸಬೇಕು, ಪುಡಿಗೆ ನೀರು ಸುರಿಯಬಾರದು. ಅಳತೆಯಲ್ಲಿ ಒಂದು ಲೋಟ ನೀರಿಗೆ ಹೆಚ್ಚು ಕಡಿಮೆ ಎರಡು ಲೋಟ ಪುಡಿ ಹಿಡಿದು ಇಡ್ಲಿ ಹಿಟ್ಟಿನ ಹದಕ್ಕೆ ಬಂದರೆ ಸರಿ. ಉಪ್ಪು ಬೆರೆತರೆ ಬೇಗ ಗಟ್ಟಿಯಾಗುತ್ತದೆ, ಒಂದೆರಡು ಹನಿ ವಿನೆಗರ್ ಹಾಕಿದರೆ ನಿಧಾನವಾಗುತ್ತದೆ. ಬೇಸಗೆಯಲ್ಲಿ ಕೆಲಸ ಮಾಡುವವರಿಗೆ ಈ ಎರಡನೆಯದು ಬಹಳ ಉಪಯೋಗ. ಅಚ್ಚಿನೊಳಗೆ ಸುರಿದ ಪ್ಲಾಸ್ಟರ್ ಪೂರ್ತಿ ಗಟ್ಟಿಯಾಗುವ ಮೊದಲು, ಬಾಗಿಸಿದರೆ ಬಾಗುವ ಸ್ಥಿತಿಯಲ್ಲಿರುವಾಗಲೇ, ಜೇಡಿಯ ಸಮೇತ ಎತ್ತಿ ಬೆಟ್ಟದ ಮೈಗೆ ಒತ್ತಿ ಹಿಡಿದರೆ ಬಂಡೆ ಬೆಟ್ಟದ ತಿರುವಿಗೆ ಒಗ್ಗಿ ಕೂರುತ್ತದೆ. ಬೆಟ್ಟದ ಮೈಯನ್ನು ಮೊದಲೇ ನೀರು ಚಿಮುಕಿಸಿ ನೆನೆಸಿರಬೇಕು. ಒಣ ಕಾಗದ ಪ್ಲಾಸ್ಟರಿನ ನೀರನ್ನು ಹೀರಿಕೊಂಡರೆ ಹಿಡಿತ ಸಿಗದೆ ಬಂಡೆ ಕಳಚಿ ಬೀಳುತ್ತದೆ. ಮಕ್ಕಳೊಂದಿಗೆ ಮಾಡುವವರಿಗೆ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಗಟ್ಟಿಯಾಗುತ್ತಿರುವ ಪ್ಲಾಸ್ಟರಿನ ರಾಶಿಯೊಳಗೆ ಕೈ ಅದ್ದಿ ಇಟ್ಟುಕೊಂಡರೆ ಸುಟ್ಟ ಗಾಯವಾಗುವಷ್ಟು ಬಿಸಿ ಹುಟ್ಟುತ್ತದೆ. ಉಳಿದ ಪ್ಲಾಸ್ಟರನ್ನು ಬಚ್ಚಲಿಗೆ ಸುರಿದರೆ ಅದು ಪೈಪಿನೊಳಗೆ ಕಲ್ಲಾಗುತ್ತದೆ.

ಯಾವ ಬಂಡೆಯನ್ನು ಮಾಡಬೇಕು ಎಂಬುದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ. ಅಮೆರಿಕದಲ್ಲಿ ತಯಾರಾಗುವ ರಬ್ಬರ್ ಅಚ್ಚುಗಳು ಆ ದೇಶದ ಬಂಡೆಗಳ ಪಡಿಯಚ್ಚುಗಳು. ಅವುಗಳಿಂದ ತೆಗೆದ ಪದರಗಲ್ಲಿನ ಗೋಡೆಯನ್ನು ಈ ಘಟ್ಟದ ನಡುವಿನ ಎಡಕುಮೇರಿ ನಿಲ್ದಾಣದ ಪಕ್ಕದಲ್ಲಿ ನಿಲ್ಲಿಸಿದರೆ, ಕೆಲಸ ಎಷ್ಟೇ ನಾಜೂಕಾಗಿದ್ದರೂ ಅದು ನಮ್ಮ ಘಟ್ಟವಾಗುವುದಿಲ್ಲ. ಪಶ್ಚಿಮ ಘಟ್ಟವೇ ಉದ್ದಕ್ಕೂ ಒಂದೇ ಕಲ್ಲಿನದಲ್ಲ. ಮುಂಬೈ–ಪುಣೆ ನಡುವಿನ ಭೋರ್ ಘಾಟಿನಲ್ಲಿ ಇರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಒಂದರ ಮೇಲೊಂದು ಕೂತ ಬಸಾಲ್ಟ್. ಅಲ್ಲಿ ಬೆಟ್ಟ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ರೇಖೆಗಳು ನೆಲಕ್ಕೆ ಸಮಾನಾಂತರವಾಗಿ ಓಡುತ್ತವೆ. ಸಕಲೇಶಪುರದ ಘಟ್ಟದ್ದು ಅದಕ್ಕಿಂತ ಎಷ್ಟೋ ಪಾಲು ಹಳೆಯದಾದ, ನೈಸ್ (gneiss) ಎಂಬ ಪಟ್ಟೆಗಲ್ಲಿನ ನಾಡು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನು ಹತ್ತಿದವರೆಲ್ಲ ಈ ಬಗೆಯ ಕಲ್ಲನ್ನು ಮೆಟ್ಟಿದ್ದಾರೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾದ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಬೂದು ಮತ್ತು ಬಿಳಿ ಪಟ್ಟೆಗಳು ಸುಳಿಸುಳಿಯಾಗಿ ಮಡಚಿಕೊಂಡಿರುವುದು ಅದರ ಗುರುತು.

ಹಾಗೆಂದು ಆ ಪಟ್ಟೆಗಳನ್ನು ಸಣ್ಣ ಕುಂಚದಲ್ಲಿ ಬರೆಯಲು ಕೂರಬಾರದು. ಬಹುಮಂದಿ ಹವ್ಯಾಸಿಗಳು ಬಳಸುವ ಎಚ್‌ಓ ಅಳತೆಯಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು. ಎರಡು ಸೆಂಟಿಮೀಟರ್ ಅಗಲದ ಪಟ್ಟೆ ಅಲ್ಲಿ ಕಾಲು ಮಿಲಿಮೀಟರಿಗಿಂತ ಕಡಿಮೆಯಾಗುತ್ತದೆ. ಮಾದರಿಯನ್ನು ಒಂದು ಮೀಟರ್ ದೂರದಿಂದ ನೋಡುವುದೆಂದರೆ ನಿಜವಾದ ಬೆಟ್ಟವನ್ನು 87 ಮೀಟರ್ ದೂರದಿಂದ ನೋಡಿದ ಲೆಕ್ಕ. ಅಷ್ಟು ದೂರದಿಂದ ನೈಸ್ ಶಿಲೆಯ ಪಟ್ಟೆ ಕಾಣುವುದಿಲ್ಲ. ಕಾಣುವುದು ಸೀಳುಗಳು, ನೀರು ಇಳಿದ ಜಾಗದಲ್ಲಿ ಪಾಚಿ ಕಲ್ಲುಹೂಗಳಿಂದಾದ ಕಪ್ಪು ಗೆರೆಗಳು ಮತ್ತು ಮಣ್ಣಿನ ಬಣ್ಣ. ಒಂದು ಮೀಟರ್ ಅಂತರದಲ್ಲಿರುವ ಸೀಳುಗಳು ಮಾದರಿಯಲ್ಲಿ ಹನ್ನೊಂದೂವರೆ ಮಿಲಿಮೀಟರಿಗೆ ಒಂದರಂತೆ ಬರಬೇಕು. ಇದೊಂದನ್ನು ಅಳತೆಪಟ್ಟಿ ಹಿಡಿದು ಪಾಲಿಸಿದರೆ ಬೆಟ್ಟ ತಾನಾಗಿ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಸಂಗತಿಯನ್ನು ಘಟ್ಟದಲ್ಲಿ ಹಗಲು ರೈಲಿನ ಕಿಟಕಿ ಪಕ್ಕ ಕೂತವರು ಗಮನಿಸಿರಬಹುದು. ಮಲೆನಾಡಿನ ಬೆಟ್ಟದಲ್ಲಿ ಬರಿಯ ಬಂಡೆ ಎಲ್ಲೆಂದರಲ್ಲಿ ಕಾಣುವುದಿಲ್ಲ, ಕಾಡು ಮುಚ್ಚಿರುತ್ತದೆ. ಬಂಡೆ ಬೆತ್ತಲಾಗಿರುವುದು ಹಳ್ಳ ಧುಮುಕುವ ಕಡೆ, ಇಲ್ಲವೇ ರೈಲಿಗಾಗಿ ಬೆಟ್ಟ ಕಡಿದ ಕಟಿಂಗ್‌ಗಳಲ್ಲಿ. ಕಟಿಂಗ್‌ನ ಗೋಡೆಯನ್ನು ಮೇಲಿನಿಂದ ಕೆಳಗೆ ಓದಬಹುದು: ನೆತ್ತಿಯಲ್ಲಿ ಬೇರುಗಳು ಇಳಿಬಿದ್ದ ಕೆಮ್ಮಣ್ಣು, ಅದರ ಕೆಳಗೆ ಹಳದಿ ಬೆರೆತ ಕೊಳೆತ ಕಲ್ಲು, ಅದರೊಳಗೆ ಅಲ್ಲಲ್ಲಿ ಕೊಳೆಯದೆ ಉಳಿದ ಗುಂಡುಗಳು, ತಳದಲ್ಲಿ ಬೂದು ಬಣ್ಣದ ಗಟ್ಟಿ ಬಂಡೆ. 17 ಮೀಟರ್ ಎತ್ತರದ ಕಟಿಂಗ್ ಮಾದರಿಯಲ್ಲಿ 20 ಸೆಂಟಿಮೀಟರ್ ಆಗುತ್ತದೆ. ಆ 20 ಸೆಂಟಿಮೀಟರಿನಲ್ಲಿ ಈ ಬಣ್ಣಗಳೆಲ್ಲ ಗೆರೆ ಕೊಯ್ದಂತಲ್ಲದೆ ಒಂದರೊಳಗೊಂದು ಕರಗಿ ಬರಬೇಕು. ಗಟ್ಟಿ ಬಂಡೆಯ ಭಾಗದಲ್ಲಿ ಸಿಡಿಮದ್ದಿಗಾಗಿ ಕೊರೆದ ತೂತುಗಳ ಅರ್ಧ ಗುರುತು ಉದ್ದನೆಯ ಕೊಳವೆಯ ಸೀಳಿನಂತೆ ಉಳಿದಿರುತ್ತದೆ. ಸುಮಾರು 35 ಮಿಲಿಮೀಟರ್ ವ್ಯಾಸದ ತೂತು ಮಾದರಿಯಲ್ಲಿ ದಪ್ಪ ಹೊಲಿಗೆ ದಾರದಷ್ಟು ಎಂದು ಲೆಕ್ಕ ಹಾಕಿ, ಹಸಿ ಪ್ಲಾಸ್ಟರಿಗೆ ದಾರವನ್ನು ನೇರವಾಗಿ ಒತ್ತಿ ತೆಗೆದಿದ್ದೇನೆ. ರೈಲ್ವೆಯಲ್ಲಿ ಕೆಲಸ ಮಾಡಿದ ನೆರೆಮನೆಯವರು ಇಡೀ ಬೆಟ್ಟದಲ್ಲಿ ಮೊದಲು ಬೆರಳಿಟ್ಟದ್ದು ಆ ಗೆರೆಗಳ ಮೇಲೆ.

ಬಣ್ಣಕ್ಕೆ ಹಾರ್ಡ್‌ವೇರ್ ಅಂಗಡಿಯ ಆಕ್ಸೈಡ್ ಪುಡಿಗಳು ಸಾಕು. ಹಳೆಯ ಮನೆಗಳ ನೆಲಕ್ಕೆ ಹಾಕುತ್ತಿದ್ದ ರೆಡ್ ಆಕ್ಸೈಡ್, ಜೊತೆಗೆ ಹಳದಿ ಮತ್ತು ಕಪ್ಪು. ಇವು ಕಬ್ಬಿಣದ ಆಕ್ಸೈಡುಗಳು, ಘಟ್ಟದ ಮಣ್ಣಿಗೆ ಬಣ್ಣ ಕೊಟ್ಟಿರುವುದೂ ಕಬ್ಬಿಣದ ಆಕ್ಸೈಡುಗಳೇ. ಪುಡಿಯನ್ನು ನೀರು ಮತ್ತು ಚೂರು ಫೆವಿಕಾಲ್ ಜೊತೆ ತೀರ ತೆಳ್ಳಗೆ ಕಲಸಿ, ಪೂರ್ತಿ ಒಣಗಿದ ಪ್ಲಾಸ್ಟರಿನ ಮೇಲೆ ಹರಿಯಬಿಟ್ಟರೆ ಕಪ್ಪು ಬಣ್ಣ ಸೀಳುಗಳಿಗೆ ಇಳಿದು ನಿಲ್ಲುತ್ತದೆ, ಉಬ್ಬಿದ ಅಂಚು ತಿಳಿಯಾಗಿ ಉಳಿಯುತ್ತದೆ. ಕೊನೆಗೆ ಬಿಳಿಗೆ ಚೂರು ಬೂದು ಬೆರೆಸಿ, ಕುಂಚವನ್ನು ಬಟ್ಟೆಗೆ ಒರಸಿ ಒರಸಿ ಒಣಗಿಸಿ ಅಂಚುಗಳಿಗೆ ಸವರಬೇಕು. ಬಣ್ಣ ಹೆಚ್ಚಾಯಿತೆನ್ನುವುದಕ್ಕಿಂತ ಕಡಿಮೆಯಾಯಿತು ಎನ್ನುವ ಕಡೆಗೇ ಇರುವುದು ಕ್ಷೇಮ. ಹಳಿಯ ಜಲ್ಲಿಗೆ ಎಂ-ಸ್ಯಾಂಡನ್ನು ಹಿಟ್ಟಿನ ಜರಡಿಯಲ್ಲಿ ಹಿಡಿದು ದೂಳು ತೆಗೆದರೆ ಸಾಕು. ಫೆವಿಕಾಲ್ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬಿದ್ದರೆ ಅದು ಉಂಡೆಗಟ್ಟದೆ ಕಲ್ಲಿನ ಸಂದಿಗೆ ಇಳಿಯುತ್ತದೆ. ಕಾಡಿನ ನೆಲಕ್ಕೆ ಸೋಸಿದ ಚಹಾಪುಡಿಯನ್ನು ಒಣಗಿಸಿ ಉದುರಿಸಬಹುದು, ಹಸಿರಿಗೆ ಬಣ್ಣ ಕಟ್ಟಿದ ಮರದ ಹೊಟ್ಟು.

ಬೆಟ್ಟ ಕೇವಲ ಅಲಂಕಾರವಲ್ಲ ಎಂಬುದನ್ನೂ ಲೇಖನ ಹೇಳಬಹುದಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟ ಭಾಗ ಸುಮಾರು 55 ಕಿಲೋಮೀಟರ್. 57 ಸುರಂಗಗಳು, ನೂರಕ್ಕೂ ಮೇಲ್ಪಟ್ಟು ಸೇತುವೆಗಳು, 50 ಮೀಟರಿಗೆ ಒಂದು ಮೀಟರ್ ಏರು. ಮೀಟರ್ ಗೇಜ್ ಆಗಿ 1979ರಲ್ಲಿ ತೆರೆದು, 1996ರಲ್ಲಿ ಗೇಜ್ ಬದಲಾವಣೆಗೆ ಮುಚ್ಚಿ, ಬ್ರಾಡ್ ಗೇಜ್‌ನಲ್ಲಿ 2007ರ ಕೊನೆಗೆ ಪ್ರಯಾಣಿಕರ ರೈಲು ಕಂಡ ಮಾರ್ಗವಿದು. ಎಚ್‌ಓ ಅಳತೆಯಲ್ಲಿ ಇದನ್ನು ಪೂರ್ತಿ ಕಟ್ಟಲು 630 ಮೀಟರ್ ಉದ್ದದ ಮನೆ ಬೇಕು. ನಮ್ಮ ಬ್ರಾಡ್ ಗೇಜ್‌ನಲ್ಲಿ ಅನುಮತಿಯಿರುವ ಅತಿ ಬಿಗಿಯಾದ, ಅಂದರೆ 175 ಮೀಟರ್ ತ್ರಿಜ್ಯದ ತಿರುವು ಕೂಡ ಮಾದರಿಯಲ್ಲಿ ಎರಡು ಮೀಟರ್ ತ್ರಿಜ್ಯವಾಗುತ್ತದೆ. ಕೋಣೆಯಲ್ಲಿ ಹಿಡಿಸುವುದು ಅರ್ಧ ಮೀಟರ್. ಆ ಅಸಹಜ ತಿರುವನ್ನು ನೋಡುಗರ ಕಣ್ಣಿನಿಂದ ಮರೆಮಾಡುವುದು ಸುರಂಗದ ಕೆಲಸ. 50ಕ್ಕೆ ಒಂದರ ಏರಿನಲ್ಲಿ ಒಂದು ಹಳಿ ಇನ್ನೊಂದರ ಮೇಲೆ ದಾಟುವಷ್ಟು, ಅಂದರೆ ಎಂಟು ಹತ್ತು ಸೆಂಟಿಮೀಟರ್ ಎತ್ತರ ಏರಲು ನಾಲ್ಕೈದು ಮೀಟರ್ ಹಳಿ ಬೇಕಾಗುತ್ತದೆ. ಆ ಉದ್ದವನ್ನೂ ಬೆಟ್ಟದ ಹೊಟ್ಟೆಯೇ ನುಂಗಿಕೊಳ್ಳಬೇಕು. ಸುರಂಗದ ಹಿಂಬದಿಯಲ್ಲಿ ಕೈ ಹೋಗುವಷ್ಟು ಕಂಡಿ ಬಿಟ್ಟಿರಬೇಕೆಂಬುದನ್ನು ಹೇಳಬೇಕಾಗಿಲ್ಲ. ರೈಲು ಹಳಿ ತಪ್ಪುವುದು ಬಹುತೇಕ ಅಲ್ಲಿಯೇ. ಮಾರುಕಟ್ಟೆಯಲ್ಲಿ ಸಿಗುವ 16.5 ಮಿಲಿಮೀಟರಿನ ಹಳಿ ನಮ್ಮ ಬ್ರಾಡ್ ಗೇಜ್‌ಗಿಂತ ಕಿರಿದು, ಲೆಕ್ಕದ ಪ್ರಕಾರ 19 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚೇ ಇರಬೇಕು ಎಂದು ಗೊಣಗುವವರಿದ್ದಾರೆ. ಅವರ ಮಾತು ಸರಿ. ಬೆಟ್ಟ ಚೆನ್ನಾಗಿದ್ದರೆ ಹಳಿಯನ್ನು ಅಳೆಯಲು ಯಾರೂ ಬಗ್ಗುವುದಿಲ್ಲ.

ಘಟ್ಟದ ಬಂಡೆಯ ಜೊತೆಗೆ ಮನುಷ್ಯ ಕಟ್ಟಿದ್ದೂ ಬರಬೇಕು. 2018ರ ಆಗಸ್ಟಿನಲ್ಲಿಯೂ 2024ರ ಜುಲೈನಲ್ಲಿಯೂ ಗುಡ್ಡ ಕುಸಿದು ಈ ಮಾರ್ಗದಲ್ಲಿ ರೈಲು ನಿಂತದ್ದನ್ನು ನಿಮ್ಮ ಓದುಗರು ಮರೆತಿರಲಾರರು. ಇಂತಹ ಇಳಿಜಾರುಗಳ ಬುಡದಲ್ಲಿ ತಡೆಗೋಡೆಗಳು, ಕಲ್ಲು ತುಂಬಿದ ತಂತಿಬಲೆಯ ಪೆಟ್ಟಿಗೆಗಳು ಇರುತ್ತವೆ. ಕಿಟಕಿಗೆ ಹಾಕಿ ಮಿಕ್ಕ ಸೊಳ್ಳೆ ಜಾಲರಿಯನ್ನು ಬೆರಳಗಲದ ಪೆಟ್ಟಿಗೆಯಾಗಿ ಮಡಚಿ ಎಂ-ಸ್ಯಾಂಡಿನ ದಪ್ಪ ಕಾಳು ತುಂಬಿದರೆ ಅಂತಹ ಪೆಟ್ಟಿಗೆಗಳಾಗುತ್ತವೆ. ತಡೆಗೋಡೆಯಲ್ಲಿ ನೀರು ಬಸಿಯುವ ತೂತುಗಳನ್ನು ಕೊರೆದು, ಪ್ರತಿ ತೂತಿನ ಕೆಳಗೆ ಒಂದು ತೆಳು ಕಪ್ಪು ಗೆರೆ ಎಳೆದರೆ ಆ ಗೋಡೆ ಹತ್ತು ಮಳೆಗಾಲ ಕಂಡದ್ದೆನಿಸುತ್ತದೆ.

ಥರ್ಮಾಕೋಲಿನ ಬಗ್ಗೆ ಒಂದು ಮಾತು, ಏಕೆಂದರೆ ಶಾಲೆಗಳ ವಸ್ತುಪ್ರದರ್ಶನದಲ್ಲಿ ಎಲ್ಲ ಬೆಟ್ಟಗಳೂ ಅದರಲ್ಲೇ ಆಗುತ್ತವೆ. ಪೆಟ್ಟಿಗೆಯಲ್ಲಿ ಬಂದ ಥರ್ಮಾಕೋಲನ್ನು ಬೆಟ್ಟದ ಒಳಗೆ ತುಂಬಲು ಬಳಸುವುದರಲ್ಲಿ ತಪ್ಪಿಲ್ಲ, ಬಿಸಾಡುವುದಕ್ಕಿಂತ ಮೇಲು. ಆದರೆ ಅದಕ್ಕೆ ಸ್ಪ್ರೇ ಬಣ್ಣ ಹೊಡೆದರೆ ಕರಗಿ ಹೋಗುತ್ತದೆ, ಬಿಸಿ ತಂತಿಯಲ್ಲಿ ಕೊಯ್ದರೆ ಬರುವ ಹೊಗೆ ಮಕ್ಕಳಿಗೆ ಒಳ್ಳೆಯದಲ್ಲ. ಇದಕ್ಕೆಂದೇ ಹೊಸ ಥರ್ಮಾಕೋಲ್ ಕೊಳ್ಳುವ ಬದಲು ರಟ್ಟು ಮತ್ತು ಕಾಗದದ ತಿರುಳನ್ನು ಶಿಕ್ಷಕರು ರೂಢಿ ಮಾಡಿಸಬಹುದು. ದಸರೆಯ ಬೊಂಬೆ ಕೂರಿಸುವ ಮನೆಗಳಲ್ಲಿ ತಟ್ಟೆಯ ಮಣ್ಣಿನಲ್ಲಿ ರಾಗಿ ಮೊಳಕೆ ಬರಿಸಿ ಗದ್ದೆ ಮಾಡಿ, ಪಕ್ಕದಲ್ಲಿ ಗುಡ್ಡ ಎಬ್ಬಿಸುತ್ತಿದ್ದ ಕೈಗಳಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಕೊರತೆ ಇರುವುದು ಸಾಮಗ್ರಿಗಲ್ಲ, ನೋಡಿ ಮಾಡಲು ನಂಬಬಹುದಾದ ಚಿತ್ರಗಳಿಗೆ. ಘಟ್ಟದ ಹಳಿಯ ಮೇಲೆ ನಡೆದು ಹೋಗಿ ಬಂಡೆಗಳನ್ನು ನೋಡುವುದು ಅಪಾಯಕರ ಮಾತ್ರವಲ್ಲ, ರೈಲ್ವೆ ಕಾಯ್ದೆಯಡಿ ಅತಿಕ್ರಮಣದ ಅಪರಾಧವೂ ಹೌದು, ಹಾಗೆ ಮಾಡಬಾರದು. ಚಲಿಸುವ ರೈಲಿನಿಂದ ತೆಗೆದ ಚಿತ್ರಗಳಲ್ಲಿ ಅಳತೆ ಸಿಗುವುದಿಲ್ಲ. ಈ ಘಟ್ಟ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದೆ, ಮೈಸೂರಿನಲ್ಲಿಯೇ 1979ರಿಂದ ರೈಲು ವಸ್ತುಸಂಗ್ರಹಾಲಯವೂ ಇದೆ. ಘಟ್ಟದ ನಾಲ್ಕಾರು ಕಟಿಂಗ್‌ಗಳ, ಸುರಂಗದ ಬಾಯಿಗಳ, ತಡೆಗೋಡೆಗಳ ಚಿತ್ರಗಳನ್ನು, ಪಕ್ಕದಲ್ಲಿ ಒಬ್ಬ ಗ್ಯಾಂಗ್‌ಮನ್ನನ್ನೋ ಅಳತೆಗೋಲನ್ನೋ ನಿಲ್ಲಿಸಿ ತೆಗೆಸಿ, ಮೀಟರ್ ಗೇಜ್ ಕಾಲದ ನಕ್ಷೆಗಳೊಂದಿಗೆ ಅಲ್ಲಿ ಪ್ರದರ್ಶನಕ್ಕಿಟ್ಟರೆ ನಮ್ಮಂಥವರಿಗೂ ಶಾಲಾ ಮಕ್ಕಳಿಗೂ ಬಹಳ ಪ್ರಯೋಜನವಾಗುತ್ತದೆ. ವಿಭಾಗದ ಅಧಿಕಾರಿಗಳು ಇದನ್ನು ಪರಿಶೀಲಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಪುರವಣಿಯ ಲೇಖಕರು ಹಾಸನದ ಕಡೆ ಬಂದರೆ ಬೆಟ್ಟವನ್ನು ನೋಡಲು ಅಗತ್ಯವಾಗಿ ಬರಲಿ. ಮಳೆಗಾಲದಲ್ಲಿ ಬೇಡ, ಪ್ಲಾಸ್ಟರ್ ಒಣಗದೆ ಎಲ್ಲ ಕೆಲಸವೂ ನಿಂತಿರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಬಂದರೆ ಅವರ ಕೈಗೂ ಒಂದಿಷ್ಟು ಜೇಡಿಮಣ್ಣು ಕೊಡಬಹುದು.

ಇತಿ ತಮ್ಮ ವಿಶ್ವಾಸಿ,

ನಿವೃತ್ತ ಭೂವಿಜ್ಞಾನ ಉಪನ್ಯಾಸಕ,
ಹಾಸನ